ಬೂದ ಕೆಂಪಾಪುರಕ್ಕೆ ಒಗ್ಗಿಕೊಂಡ ಬಗೆ

ಮೊನ್ನೆ ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಎದುರು ಕಟ್ಟಡಕ್ಕೆ ಯಾರೋ ಹೊಸಬರು ಬರುತ್ತಿದ್ದರು. ಟೆಂಪೋದಿಂದ ಮಂಚ, ಬೀರು, ಗ್ಯಾಸ್ ಸಿಲಿಂಡರು ಎಲ್ಲ ಇಳಿದ ಮೇಲೆ ಕೊನೆಗೊಂದು ಪ್ಲಾಸ್ಟಿಕ್ ಬುಟ್ಟಿ ಇಳಿಯಿತು. ಅದರ ಮೇಲೆ ಇನ್ನೊಂದು ಬುಟ್ಟಿ ಬೋರಲು ಹಾಕಿ, ಸುತ್ತ ಹಳೆ ದುಪಟ್ಟಾ ಬಿಗಿದಿದ್ದರು. ಒಳಗಿನಿಂದ ಬಂದ ದನಿ ಕೇಳಿ ನನ್ನ ಕೈಯಲ್ಲಿದ್ದ ಒದ್ದೆ ಟವಲು ತಂತಿಗೆ ಏರಲೇ ಇಲ್ಲ. ಅದು ಹಾಲು ಕೇಳುವ ಮಿಯಾಂವ್ ಅಲ್ಲ. ಮನೆ ಬಿಟ್ಟು ಬಂದ ಬೆಕ್ಕು ಹೊಟ್ಟೆಯೊಳಗಿನಿಂದ ಎಳೆದು ಎಳೆದು ಕೂಗುತ್ತದೆ. ನೀವು ಕೇಳಿದ್ದರೆ ನಿಮಗೆ ಗೊತ್ತು. ಕೇಳಿಲ್ಲದಿದ್ದರೆ ನಿಮ್ಮ ಪುಣ್ಯ.

ನಾನು ಆ ಕೂಗನ್ನು ಶೆಟ್ಟಿಹಳ್ಳಿಯಿಂದ ಕೆಂಪಾಪುರದವರೆಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದವಳು.

ಶೆಟ್ಟಿಹಳ್ಳಿಯಲ್ಲಿ ನಾವು ಪಿಳ್ಳಮ್ಮನವರ ಮನೆಯಲ್ಲಿ ಬಾಡಿಗೆಗಿದ್ದೆವು. ಮುಂದಿನ ಹೆಂಚಿನ ಭಾಗದಲ್ಲಿ ಅವರು, ಹಿಂದಿನ ಎರಡು ಕೋಣೆಯಲ್ಲಿ ನಾನು ಮತ್ತು ನಮ್ಮವರು. ನಾವು ಗದಗಿನ ಕಡೆಯವರು. ಇವರಿಗೆ ಪೀಣ್ಯದಲ್ಲೊಂದು ಕಾರ್ಖಾನೆ, ನನಗೆ ಒಂದು ಕಾಲೇಜಿನ ಲೈಬ್ರರಿ. ಪಿಳ್ಳಮ್ಮನವರು ಆ ಊರು ಇನ್ನೂ ಊರಾಗಿದ್ದಾಗಿನವರು. ಅವರ ರಾಗಿ ಹೊಲದ ಮೇಲೆ ಈಗ ಮೂರು ಅಡ್ಡರಸ್ತೆಗಳಿವೆ. ಆದರೂ ಮನೆಯ ಹಿಂದೆ ಒಂದಿಷ್ಟು ಅಂಗಳ, ಒಂದು ಸೀಬೆಮರ, ಹಸು ಇಲ್ಲದ ಒಂದು ಕೊಟ್ಟಿಗೆ ಉಳಿದಿತ್ತು. ಆ ಕೊಟ್ಟಿಗೆಯ ಅಟ್ಟದಲ್ಲಿ ಹುಟ್ಟಿದವನು ಬೂದ.

ಅವನು ಯಾರ ಬೆಕ್ಕು ಎಂದು ಯಾರೂ ಕೇಳಿರಲಿಲ್ಲ. ಬೂದಿ ಬಣ್ಣಕ್ಕೆ ಬೂದ ಎಂದು ಹೆಸರಿಟ್ಟವರು ಪಿಳ್ಳಮ್ಮ. ನಮ್ಮವರು ಮಾತ್ರ ‘ಸಾವ್ಕಾರ’ ಎಂದು ಕರೆಯುತ್ತಿದ್ದರು. ಬೆಳಗಾದರೆ ಕಾಂಪೌಂಡಿನ ಮೇಲೆ, ಸಾಲ ವಸೂಲಿಗೆ ಹೊರಟ ಸಾಹುಕಾರನಂತೆ, ಅವಸರವಿಲ್ಲದೆ ನಡೆಯುತ್ತಿದ್ದನಲ್ಲ, ಅದಕ್ಕೆ. ಬೆಳಿಗ್ಗೆ ಅವರಲ್ಲಿ ಸಾರಿನ ಅನ್ನ, ಸಂಜೆ ನಮ್ಮಲ್ಲಿ ಹಾಲು, ನಡುವಿನ ಊಟ ಊರಿನದು. ಮಲಗುವುದು ಆಕಾಶದ ಕೆಳಗೆ, ಮಳೆ ಬಂದರೆ ಕೊಟ್ಟಿಗೆಯ ಗೋಣಿಚೀಲದ ಮೇಲೆ. ಬಾಗಿಲು ಹಾಕಿದರೆ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ. ಅವನ ಪಾಲಿಗೆ ಮನೆ ಎಂದರೆ ಹೊರಗಿನದು.

ಒಂದು ದಿನ ಪಿಳ್ಳಮ್ಮನವರ ಮಗ ಬಂದು, ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತೇವೆ ಎಂದ. ಒಳ್ಳೆಯ ಹುಡುಗ, ಸಾಕಷ್ಟು ಸಮಯ ಕೊಟ್ಟ. ಕಟ್ಟಡ ಮುಗಿಯುವವರೆಗೆ ತಾಯಿ ಅವನ ಬಾಡಿಗೆ ಫ್ಲ್ಯಾಟಿನಲ್ಲಿ, ನಾವು ಕೆಂಪಾಪುರದಲ್ಲಿ. ಬೂದ?

“ನೀವೇ ತಕ್ಕೊಂಡೋಗ್ರಮ್ಮ. ಅಲ್ಲಿ ನಾಕನೇ ಮಹಡಿ. ನಾನೇ ಎಂಗಿರ್ತೀನೋ, ಅದನ್ನೆಲ್ಲಿ ಇಟ್ಕೊಳ್ಳಿ?” ಎಂದರು ಪಿಳ್ಳಮ್ಮ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಸೀಬೆಮರ ನೋಡಿದರು.

ಕೆಂಪಾಪುರದಲ್ಲಿ ನಮಗೆ ಸಿಕ್ಕಿದ್ದು ಮೊದಲನೆಯ ಮಹಡಿ. ಪಕ್ಕದಲ್ಲೊಂದು ಖಾಲಿ ಸೈಟು, ಆಚೆಗೆ ಮನೆಗಳ ಬೆನ್ನು. ನಮ್ಮವರು ಫೋನಿನಲ್ಲಿ ಒಂದಷ್ಟು ವಿಡಿಯೋ ನೋಡಿ ಬೆಕ್ಕಿನ ತಜ್ಞರಾದರು. “ಮೊದಲ ಒಂದ್ ಕೋಣ್ಯಾಗ ಇಡಬೇಕಂತ. ಆಮೇಲೆ ಇಡೀ ಮನಿ. ಆಮೇಲೆ ಹೊರಗ. ಅವಸರ ಮಾಡಬಾರದಂತ” ಎಂದು ನನಗೆ ಪಾಠ ಹೇಳಿದರು. ಹಾಗಾಗಿ ಮಲಗುವ ಕೋಣೆ ಬೂದನಿಗೆ ಹೋಯಿತು, ನಾವು ನಡುಮನೆಯಲ್ಲಿ ಚಾಪೆ ಹಾಸಿದೆವು. ಶೆಟ್ಟಿಹಳ್ಳಿಯ ಕೊಟ್ಟಿಗೆಯಲ್ಲಿ ಅವನು ಮಲಗುತ್ತಿದ್ದ ಗೋಣಿಚೀಲವನ್ನು ಒಗೆಯದೆ ತಂದಿದ್ದೆ. ಅದನ್ನು ಮೂಸಿದ, ಅದರ ಕೆಳಗೆ ನುಗ್ಗಿದ, ಹೊರಗೆ ಬರಲಿಲ್ಲ.

ಹಾಲು ಇಟ್ಟೆ, ಮುಟ್ಟಲಿಲ್ಲ. ಅಂಗಡಿಯ ಬೆಕ್ಕಿನ ಕಾಳು ಇಟ್ಟೆ, ಅದನ್ನು ಕಾಲಿನಿಂದ ಮುಚ್ಚುವಂತೆ ನೆಲ ಕೆರೆದ. ನಮ್ಮ ಮನೆಗೆ ಮೊಟ್ಟೆಯೂ ಬರುವುದಿಲ್ಲ. ಅಂಥ ನಾನು ಮೂಗಿಗೆ ಸೆರಗು ಹಿಡಿದು ಮೀನಿನಂಗಡಿಯ ಮುಂದೆ ನಿಂತೆ.

“ಯಾವ್ದು ಬೇಕಕ್ಕಾ?”

“ಬೆಕ್ಕಿಗೆ” ಎಂದೆ, ಯಾರಾದರೂ ಗುರುತಿನವರು ಇದ್ದಾರೆಯೇ ಎಂದು ಅತ್ತಿತ್ತ ನೋಡುತ್ತ.

“ಗೊತ್ತಾಯ್ತು ಬಿಡಕ್ಕಾ. ನಿಮ್ ಥರ ಬರೋರೆಲ್ಲ ಬೆಕ್ಕಿಗೇ ಅಂತಾರೆ” ಎಂದು ಅಂಗಡಿಯವನು ನಕ್ಕು ಒಣಮೀನು ಕಟ್ಟಿಕೊಟ್ಟ.

ಒಣಮೀನು ತಿಂದ. ತಿಂದು ಕಿಟಕಿ ಹತ್ತಿ, ಸರಳಿನ ಹೊರಗೆ ಮೂತಿಯಿಟ್ಟು ಕೂಗಿದ. ನಾನು ಕಾಲೇಜಿಗೆ ಹೋಗುವಾಗಲೂ ಕೂಗುತ್ತಿದ್ದ, ಬರುವಾಗಲೂ ಕೂಗುತ್ತಿದ್ದ. ಹೀಗೇ ವಾರಗಳು ಕಳೆದವು. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೂ ಹಾಗೆ ಕೂಗಬೇಕು ಅನ್ನಿಸುತ್ತಿತ್ತು. ಬೆಳಿಗ್ಗೆ ಎದ್ದು ಹಿಂಬಾಗಿಲು ತೆರೆಯಲು ಹೋಗುತ್ತಿದ್ದೆ. ಹಿಂಬಾಗಿಲು ಇದ್ದರೆ ತಾನೆ? ಗೋಡೆಯ ಮುಂದೆ ನಿಂತು, ಏನನ್ನೋ ಹುಡುಕಲು ಬಂದವಳಂತೆ ನಟಿಸಿ ಅಡುಗೆಮನೆಗೆ ಹೋಗುತ್ತಿದ್ದೆ. ನಾವು ಗದಗು ಬಿಟ್ಟಾಗಲೂ ನಾನು ಇಷ್ಟು ಹಂಬಲಿಸಿದವಳಲ್ಲ. ಆಗ ಎರಡೂರಿನ ನಡುವೆ ಇಡೀ ರಾತ್ರಿಯ ರೈಲಿತ್ತು, ದೂರ ದೂರವಾಗಿಯೇ ಇತ್ತು. ಇದು ಹಾಗಲ್ಲ. ಒಂದು ಬಸ್ಸು ಬದಲಿಸಿದರೆ ಶೆಟ್ಟಿಹಳ್ಳಿ. ಹೋದರೆ ಮಾತ್ರ ಅಲ್ಲಿ ನಮ್ಮ ಮನೆ ಇಲ್ಲ.

ಪಿಳ್ಳಮ್ಮ ಫೋನು ಮಾಡುತ್ತಿದ್ದರು. “ಉಂಡ್ನಾ?” ಎಂಬುದು ಮೊದಲ ಮಾತು. ನಮ್ಮವರು ಉಂಡರೇ ಎಂದು ಕೇಳುತ್ತಿದ್ದಾರೆಂದು ಮೊದಮೊದಲು ತಿಳಿದಿದ್ದೆ.

ಕೊನೆಗೊಂದು ಸಂಜೆ, ಹೊರಗೆ ಬಿಡುವ ದಿನ ಬಂತು ಎಂದು ನಮ್ಮವರು ತೀರ್ಮಾನಿಸಿದರು. “ಊಟಕ್ಕ ಮುಂಚೆ ಬಿಡೋಣು. ಹಸದಿದ್ರ ತಾನಾ ತಿರುಗಿ ಬರ್ತೈತಿ.” ಬಾಗಿಲು ತೆರೆದೆವು. ಬೂದ ಮೆಟ್ಟಿಲು ಮೂಸಿದ, ಒಮ್ಮೆ ಹಿಂದಿರುಗಿ ನೋಡಿದ. ಅಷ್ಟರಲ್ಲಿ ಕೆಳಗೆ ಯಾರೋ ಬೈಕು ಸ್ಟಾರ್ಟ್ ಮಾಡಿದರು. ಬೂದಿ ಬಣ್ಣದ ಒಂದು ಗೆರೆ ಗೋಡೆ ದಾಟಿತು. ಅಷ್ಟೆ.

ತಟ್ಟೆ ಬಡಿದೆವು, ಕರೆದೆವು. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಬೆಕ್ಕು ಹಳೆ ಮನೆಗೇ ಹೋಗುತ್ತದೆ ಎಂದು ಕಾಲೇಜಿನಲ್ಲಿ ಎಲ್ಲರೂ ಹೇಳಿದರು. ಹೆಬ್ಬಾಳದ ಫ್ಲೈಓವರಿನ ಆ ವಾಹನಗಳ ನಡುವೆ ಬೂದ ಸಾಹುಕಾರನ ನಡಿಗೆಯಲ್ಲಿ ಹೋಗುತ್ತಿರುವುದು ಕಣ್ಣಿಗೆ ಕಟ್ಟಿ, ಕಾಲೇಜಿಗೆ ರಜೆ ಹಾಕಿ ಶೆಟ್ಟಿಹಳ್ಳಿಗೆ ಹೋದೆ. ನಮ್ಮ ಮನೆ ಇದ್ದಲ್ಲಿ ತಗಡಿನ ಬೇಲಿ. ಬೇಲಿಯ ಸಂದಿಯಲ್ಲಿ ಇಣುಕಿದರೆ ಕೆಂಪು ಗುಂಡಿ, ಗುಂಡಿಯ ತಳದಲ್ಲಿ ನೀರು. ಸೀಬೆಮರ ಯಾವ ಕಡೆಗಿತ್ತು ಎಂದು ಲೆಕ್ಕ ಹಾಕಲಾಗದೆ ಸುಮ್ಮನೆ ನಿಂತಿದ್ದೆ. ನೋಡಿದರೆ ಪಿಳ್ಳಮ್ಮ ಆಗಲೇ ಅಲ್ಲಿದ್ದರು. ನಾನು ಫೋನಿನಲ್ಲಿ ಅತ್ತದ್ದು ಕೇಳಿ, ಬೆಳಿಗ್ಗೆಯಿಂದ ಬೇಲಿ ಸುತ್ತಿ ಕರೆಯುತ್ತಿದ್ದರು.

“ಇಲ್ಲಿಗ್ ಬಂದಿಲ್ಲ ಕಣಮ್ಮ. ಬಂದಿದ್ರೆ ನನ್ ದನಿಗೆ ಬರ್ದೆ ಇರ್ತಿರ್ಲಿಲ್ಲ. ನಡಿ, ನಿಮ್ಮಟ್ಟಿ ತಾವ್ಲೇ ಉಡ್ಕಾನ.” ಅಟ್ಟಿ ಎಂದರೆ ಅವರ ಮಾತಿನಲ್ಲಿ ಮನೆ.

ಆಟೋ ಹಿಡಿದೆವು. ಕೆಂಪಾಪುರದಲ್ಲಿ ಇಳಿದವರೇ ಪಿಳ್ಳಮ್ಮ ರಸ್ತೆಯ ನಡುವೆ ನಿಂತು, ಒಂದು ಕಾಲದಲ್ಲಿ ಕೆರೆಯಾಚೆಯ ಹಸುಗಳನ್ನು ಕರೆಯುತ್ತಿದ್ದ ದನಿಯಲ್ಲಿ ಕೂಗಿದರು: “ಬೂದಾ! ಲೋ ಬೂದಾ! ಎಲ್ಲಿದ್ದೀಯೋ ನನ್ ಮಗ್ನೇ!” ಬಾಲ್ಕನಿಗಳಲ್ಲಿ ತಲೆಗಳು ಕಂಡವು. ಒಬ್ಬರಂತೂ ಮಗು ಕಳೆದುಹೋಗಿದೆ ಎಂದುಕೊಂಡು ಚಪ್ಪಲಿ ಕೂಡ ಹಾಕದೆ ಇಳಿದು ಬಂದರು. ನನಗೆ ನಾಚಿಕೆ. ಆ ಬೀದಿಯಲ್ಲಿ ಅದುವರೆಗೆ ನಾನು ಒಬ್ಬರನ್ನೂ ಮಾತಾಡಿಸಿರಲಿಲ್ಲ.

ಖಾಲಿ ಸೈಟಿನಲ್ಲಿ ಪೇರಿಸಿದ್ದ ಸೆಂಟ್ರಿಂಗ್ ಹಲಗೆಗಳ ಸಂದಿಯಿಂದ ಒಂದು ಕ್ಷೀಣ ದನಿ ಬಂತು. ಮನೆಯಿಂದ ಕೂಗಳತೆ ದೂರವೂ ಇಲ್ಲ! ನಾನು ಅಲ್ಲೇ ಎಷ್ಟು ಸಲ ಕರೆದಿದ್ದೆ. ಮೈತುಂಬ ಸಿಮೆಂಟು ಪುಡಿ ಮೆತ್ತಿಕೊಂಡು ಹೊರಬಂದವನು ನನ್ನ ಕಾಲ ಪಕ್ಕದಿಂದಲೇ ಹಾದು ಪಿಳ್ಳಮ್ಮನ ಸೀರೆಯ ನೆರಿಗೆಯೊಳಗೆ ನುಗ್ಗಿದ.

ಸಂತೋಷವಾಗಬೇಕಿತ್ತು. ಆಯಿತು ಕೂಡ. ಜೊತೆಗೇ ಮುಳ್ಳಿನಂತೆ ಏನೋ ಚುಚ್ಚಿತು. ಒಣಮೀನು ತಂದವಳು ನಾನು, ಚಾಪೆಯ ಮೇಲೆ ಮಲಗಿದವಳು ನಾನು. ಪಿಳ್ಳಮ್ಮನಿಗೆ ಅದು ಕಂಡಿರಬೇಕು. ಮೆಟ್ಟಿಲ ಮೇಲೆ ಕೂತು, ಬೂದನನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಕೈ ಎಳೆದು ಅವನ ಬೆನ್ನಿನ ಮೇಲಿಟ್ಟು ಅದರ ಮೇಲೆ ತಮ್ಮ ಕೈ ಇಟ್ಟರು. “ಅಸ್ಕೊಂಡಿರುವಾಗ ಆಚೆಗ್ ಬಿಡ್ತಾರೇನಮ್ಮ ಮಕ್ಳನ್ನ?” ಎಂದು ಬೈದರು. ಅಷ್ಟರಲ್ಲಿ ಕೆಲಸದಿಂದ ಬಂದಿದ್ದ ನಮ್ಮ ತಜ್ಞರು ಫೋನನ್ನು ಮೆಲ್ಲಗೆ ಜೇಬಿಗಿಳಿಸಿದರು.

ಆಮೇಲೆ ಪಿಳ್ಳಮ್ಮ ಆಗಾಗ ಬರತೊಡಗಿದರು. ಬೂದನನ್ನು ಕರೆದುಕೊಂಡು, ಮೊಮ್ಮಗನಿಗೆ ಊರು ತೋರಿಸುವಂತೆ, ಸೈಟಿನ ಅಂಚಿನಲ್ಲಿ ನಡೆಯುತ್ತಿದ್ದರು. ಅವರ ಹಿಂದೆ ಅವನು, ಅವನ ಹಿಂದೆ ನಾನು. ಮೊದಲು ಗೇಟಿನವರೆಗೆ, ಆಮೇಲೆ ಹಲಗೆಗಳವರೆಗೆ, ಆಮೇಲೆ ಆಚೆಗೋಡೆಯವರೆಗೆ. ಒಂದು ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಬೂದ ಒಬ್ಬನೇ ಆ ಗೋಡೆಯ ಮೇಲೆ ನಿಧಾನಕ್ಕೆ ನಡೆದು ಹೋಗುತ್ತಿದ್ದ. ನಮ್ಮವರನ್ನು ಕೂಗಿ ಕರೆದೆ. ಇಬ್ಬರೂ ಕಿಟಕಿಯ ಸರಳು ಹಿಡಿದು ನೋಡಿದೆವು. “ವಸೂಲಿ ಸುರುವಾತು ನೋಡು” ಎಂದರು ಇವರು.

ಶೆಟ್ಟಿಹಳ್ಳಿಯ ಕಟ್ಟಡ ಮುಗಿದಾಗ ಪಿಳ್ಳಮ್ಮನವರ ಮಗ ಫೋನು ಮಾಡಿ, ಮೂರನೆಯ ಮಹಡಿಯಲ್ಲಿ ನಿಮಗೊಂದು ಮನೆ ಇಟ್ಟಿದ್ದೇನೆ, ಅಮ್ಮನ ಎದುರು ಬಾಗಿಲು, ಬನ್ನಿ ಎಂದ. ನಾನು ಇಂಥ ಮಾತಿಗಾಗಿಯೇ ಕಾದಿದ್ದೆ. ಮನಸ್ಸಿನಲ್ಲೇ ಪಾತ್ರೆ ಕಟ್ಟಿಟ್ಟೆ. ನೋಡಲು ಹೋದೆವು. ಬೆಳಕಿನ ಮನೆ, ಹೊಳೆಯುವ ನೆಲ, ಯಾವ ಕಿಟಕಿಯಿಂದ ನೋಡಿದರೂ ಆಕಾಶ. ಪಿಳ್ಳಮ್ಮ ಕೋಣೆ ಕೋಣೆ ತೋರಿಸಿದರು. ಕೊನೆಗೆ ಬಾಲ್ಕನಿಯಲ್ಲಿ ನನ್ನ ತೋಳು ಹಿಡಿದು, ಕೆಳಗೆ ಕಾರು ನಿಲ್ಲಿಸುವ ಜಾಗ ತೋರಿಸುತ್ತ, “ಅಟ್ಟಿ ಅಲ್ಲಿತ್ತು” ಎಂದರು. ತೋಳು ಬಿಡದೆಯೇ ಹೇಳಿದರು: “ಬರ್ಬೇಡ್ರಮ್ಮ. ನೀನು ಬಂದ್ರೆ ನಂಗೆ ಜೀವ ಬಂದಂಗಾಯ್ತದೆ. ಆದ್ರೆ ಅವ್ನು ಅಲ್ಲಿ ಬೇರು ಬಿಟ್ಟವ್ನೆ. ಇನ್ನೊಂದ್ ಕಿತ ಕೀಳ್ಬೇಡಿ.”

ಮನೆ ಬೇಡವೆಂದು ಅವರ ಮಗನಿಗೆ ಹೇಳಿ ಹೊರಟೆವು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಪಿಳ್ಳಮ್ಮನಿಗೆ ಈಗ ಮಂಡಿನೋವು, ಬರಲಾಗುವುದಿಲ್ಲ. ಬೂದನಿಗೂ ವಯಸ್ಸಾಯಿತು.

ಇವತ್ತು ಸಂಜೆ ಅವನನ್ನು ಕರೆಯಲೆಂದು ಬಾಲ್ಕನಿಗೆ ಬಂದೆ. ಬಾಯಿ ತೆರೆಯುವುದರೊಳಗೆ ಹಿಂದಿನ ಬೀದಿಯ ಒಂದು ಮನೆಯಿಂದ ಹೆಂಗಸಿನ ದನಿ ಕೇಳಿತು: “ರಾಜಾ! ಬಾ ರಾಜಾ, ಬಾ.” ಗೋಡೆಯ ಮೇಲೆ ಮಲಗಿದ್ದ ಬೂದ ಎದ್ದು, ಮೈ ಮುರಿದು, ದಿನವೂ ಹೋಗುವವನಂತೆ ಆ ಹಿತ್ತಿಲಿಗೆ ಇಳಿದ. ನಾನು ಬಾಯಿ ಮುಚ್ಚಿಕೊಂಡೆ. ಆ ಹಳೆಯ ಮುಳ್ಳು ಚುಚ್ಚಲಿ ಎಂದು ಕಾದೆ. ಚುಚ್ಚಲಿಲ್ಲ. ಒಳಗೆ ಬಂದು ಪಿಳ್ಳಮ್ಮನಿಗೆ ಫೋನು ಮಾಡಿ ಹೇಳಿದೆ.

ಅವರು ಕೇಳಿದ್ದು ಒಂದೇ: “ತಿನ್ನಾಕೆ ಏನಾಕ್ತಾರಂತಮ್ಮ ಅವ್ರು?”

“ಗೊತ್ತಿಲ್ಲಮ್ಮ. ಕೇಳಿ ಹೇಳ್ತೀನಿ” ಎಂದೆ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು, ಇಷ್ಟು ವರ್ಷದಲ್ಲಿ ಒಮ್ಮೆಯೂ ಕಾಲಿಡದ ಹಿಂದಿನ ಬೀದಿಗೆ ತಿರುಗಿ, ಆ ಮನೆಯ ಬಾಗಿಲು ತಟ್ಟಿದೆ.