ಮೂವತ್ತೊಂದನೆಯ ಪುಟದ ತೂತುಗಳು

ಅಳತೆಯಮ್ಮನಿಗೆ ಹೆತ್ತವರು ಇಟ್ಟ ಹೆಸರೊಂದು ಇರಲೇಬೇಕು. ಆದರೆ ಆ ಬೀದಿಯಲ್ಲಿ ನಲವತ್ತು ವರ್ಷಗಳಿಂದ ಯಾರೂ ಅದನ್ನು ಬಳಸಿದ್ದಿಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಗಿರಾಕಿ ಮೂರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವಳ ಕಣ್ಣು ಅವನ ಭುಜ, ಎದೆ, ಸೊಂಟ ಎಲ್ಲವನ್ನೂ ಸುತ್ತಿ ಬಂದಿರುತ್ತಿತ್ತು. ಆಮೇಲೆ ಟೇಪು ಹಿಡಿಯುವುದು ಗಿರಾಕಿಯ ಸಮಾಧಾನಕ್ಕೆ. ಅಳತೆ ಬರೆದುಕೊಳ್ಳುವ ಪದ್ಧತಿ ಅವಳಿಗಿಲ್ಲ. ಯಾರಾದರೂ ಕೇಳಿದರೆ, "ಅದಕ್ಕೆ ಪುಸ್ತಕ ಯಾಕೆ? ತಲೆ ಅಂತ ಒಂದಿದೆಯಲ್ಲ, ಅದೇನು ಬಾಚ್ಕೊಳ್ಳೋಕೆ ಮಾತ್ರನಾ?" ಎನ್ನುವಳು. ಹತ್ತು ವರ್ಷದ ಹಿಂದೆ ಕೋಟು ಹೊಲಿಸಿದವನು ಮತ್ತೆ ಬಂದರೆ, "ಸೊಂಟ ಎರಡಿಂಚು ಮುಂದೆ ಬಂದಿದೆ, ಹೆಂಡತಿ ಚೆನ್ನಾಗಿ ನೋಡ್ಕೋತಿದಾಳೆ" ಎಂದು ನಾಲ್ಕು ಜನರ ಎದುರೇ ಹೇಳಿ ಅವನ ಮುಖ ಕೆಂಪು ಮಾಡುವಳು. ಇಷ್ಟು ಜಂಬ ಇರಬಾರದು, ನಿಜ. ಆದರೆ ಅಳತೆ ಒಮ್ಮೆಯೂ ತಪ್ಪಿರಲಿಲ್ಲವಾದ್ದರಿಂದ ಜನ ಬಾಯಿ ಮುಚ್ಚಿಕೊಂಡು ಹೊಲಿಸಿಕೊಂಡು ಹೋಗುತ್ತಿದ್ದರು.

ಮದುವೆ ಅವಳಿಗೆ ಕೂಡಿ ಬರಲಿಲ್ಲ, ಅದಕ್ಕಾಗಿ ಅವಳು ಕೊರಗಲೂ ಇಲ್ಲ. ಗಂಡನನ್ನು ಕಳೆದುಕೊಂಡ ಅಕ್ಕ ನಾಲ್ಕು ವರ್ಷದ ಮಗಳ ಕೈ ಹಿಡಿದು ಬಂದಾಗ ಅವಳ ಸಂಸಾರ ತಾನಾಗಿಯೇ ತುಂಬಿತು. ಅಕ್ಕ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಕಾಜ ಹಾಕುವಳು, ಗುಂಡಿ ಹಚ್ಚುವಳು. ತಂಗಿ ಕತ್ತರಿಸಿ ಹೊಲಿಯುವಳು. ಆ ಮಗು ಬೆಳೆದು ಈಗ ಔಷಧಿ ಅಂಗಡಿಯಲ್ಲಿ ಬಿಳಿ ಕೋಟು ಹಾಕಿಕೊಂಡು ಮಾತ್ರೆ ಎಣಿಸಿ ಕೊಡುತ್ತಾಳೆ. ಅಕ್ಕ ತೀರಿಕೊಂಡು ಎಂಟು ತಿಂಗಳಾಯಿತು. ಕುರ್ಚಿ ಮಾತ್ರ ಅದೇ ಜಾಗದಲ್ಲಿದೆ.

ಅಕ್ಕತಂಗಿಯರಿಗೆ ಇದ್ದದ್ದು ಒಂದೇ ಚಟ, ಕೊಡೆ ಇನ್ಸ್‌ಪೆಕ್ಟರನ ಪತ್ತೇದಾರಿ ಕಾದಂಬರಿಗಳು. ಬಾಡಿಗೆ ಪುಸ್ತಕದ ಲೈಬ್ರರಿಯಲ್ಲಿ ಒಂದರ ಹಿಂದೆ ಒಂದು ಇಪ್ಪತ್ತೆಂಟು ಬಂದಿದ್ದವು. ಇನ್ಸ್‌ಪೆಕ್ಟರನಿಗೆ ಮಂಡಿನೋವು, ಕಂಕುಳಲ್ಲಿ ಸದಾ ಒಂದು ಕರಿ ಕೊಡೆ. ಅವನ ಊರು ಒಂದು ಹಳೆಯ ಬಂದರು. ಅಲ್ಲಿ ಮೂರನೆಯ ಅಧ್ಯಾಯದ ಹೊತ್ತಿಗೆ ತಪ್ಪದೆ ಮಂಜು ಇಳಿಯುತ್ತದೆ. ಮೊದಲು ಹಡಗುಗಳ ಕಂಬ ಮಾಯ, ಆಮೇಲೆ ಬೀದಿದೀಪ, ಕೊನೆಗೆ ನಡೆಯುತ್ತಿರುವವನಿಗೆ ತನ್ನ ಪಾದವೇ ಕಾಣುವುದಿಲ್ಲ. ಹಿಂದೆ ಯಾರದೋ ಹೆಜ್ಜೆ ಕೇಳುತ್ತದೆ, ಇವನು ನಿಂತರೆ ಅದೂ ನಿಲ್ಲುತ್ತದೆ. ಇವನು ಬಾಡಿಗೆಗಿರುವ ಮನೆಯ ಐದನೆಯ ಮೆಟ್ಟಿಲು ಯಾರೂ ತುಳಿಯದಿದ್ದರೂ ಕಿರುಗುಟ್ಟುತ್ತದೆ. ಇಪ್ಪತ್ತೆಂಟು ಪುಸ್ತಕ ಕಳೆದರೂ ಅದನ್ನು ಯಾರೂ ರಿಪೇರಿ ಮಾಡಿಸಿಲ್ಲ, ಮಾಡಿಸಿದರೆ ಅಕ್ಕತಂಗಿಯರು ಲೇಖಕನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಇವರಿಬ್ಬರೂ ಹುಟ್ಟಿದಾರಭ್ಯ ಸಮುದ್ರ ಕಂಡವರಲ್ಲ. ಆದರೂ ಆ ಊರಿನಲ್ಲಿ ಯಾವ ತಿರುವಿನಲ್ಲಿ ಬ್ರೆಡ್ಡಿನ ಅಂಗಡಿ, ಯಾವ ಗೋಪುರದ ಗಡಿಯಾರ ಏಳು ನಿಮಿಷ ಹಿಂದೆ ಎಂಬುದು ಅವರಿಗೆ ಬಾಯಿಪಾಠ.

ಕೊನೆಯ ಎರಡು ವರ್ಷ ಅಕ್ಕನ ಕಣ್ಣು ಪೂರ್ತಿ ಮಸುಕಾಯಿತು. ಊಟವಾದ ಮೇಲೆ, ಮೂರು ಗಂಟೆಗೆ ಗಿರಾಕಿಗಳು ಬರುವ ತನಕ, ತಂಗಿ ಗಟ್ಟಿಯಾಗಿ ಓದಿ ಹೇಳುವಳು. ತಂಗಿಗೆ ಕೊಲೆಗಾರ ಯಾರೆಂಬ ಆತುರ. ಅಕ್ಕ ಕಣ್ಣು ಮುಚ್ಚಿಕೊಂಡು, "ಕೊಲೆ ಯಾರು ಮಾಡಿದ್ರೆ ನಮಗೇನೇ? ಮಂಜು ಬಂತಾ, ಅದು ಹೇಳು" ಎನ್ನುವಳು.

ಬಾಡಿಗೆ ಲೈಬ್ರರಿಯ ಹಳೆಯ ಓದುಗರಿಗೆ ಒಂದು ಅಭ್ಯಾಸವಿರುತ್ತದೆ. ಓದಿದ ಪುಸ್ತಕವನ್ನೇ ಮತ್ತೆ ತರಬಾರದೆಂದು, ಗೊತ್ತುಮಾಡಿಕೊಂಡ ಒಂದು ಪುಟದಲ್ಲಿ ತಮ್ಮ ಗುರುತು ಹಾಕಿಡುತ್ತಾರೆ. ಬೇರೆಯವರು ಪೆನ್ಸಿಲಿನಲ್ಲಿ ಗೀಚಿದರೆ ಇವರದು ಸೂಜಿ. ಮೂವತ್ತೊಂದನೆಯ ಪುಟದ ಮೂಲೆಯಲ್ಲಿ ಅಕ್ಕನದು ತ್ರಿಕೋನವಾಗಿ ಮೂರು ತೂತು, ತಂಗಿಯದು ಒಂದರ ಪಕ್ಕ ಒಂದು ಎರಡು ತೂತು. ಸುಮ್ಮನೆ ನೋಡಿದರೆ ಕಾಣದು, ಬೆಳಕಿಗೆ ಹಿಡಿದರೆ ಚುಕ್ಕಿಗಳು ಹೊಳೆಯುತ್ತವೆ. ಕಣ್ಣು ಹೋದ ಮೇಲೂ ಅಕ್ಕನ ಬೆರಳಿಗೆ ಸೂಜಿ ಕೊಟ್ಟು, ಕೈ ಹಿಡಿದು ಚುಚ್ಚಿಸುವಳು ತಂಗಿ. ಕೇಳಿದವರು ಗುರುತು ಹಾಕಬೇಕು, ಓದಿ ಹೇಳಿದ್ದು ಓದಿದ ಲೆಕ್ಕವಲ್ಲ ಎಂಬುದು ಅವರ ಕಾನೂನು. ತಂಗಿ ಅದೇ ಪುಸ್ತಕವನ್ನು ಇನ್ನೊಮ್ಮೆ ತನಗೆ ತಾನೇ ಓದಿಕೊಂಡು, ವಾರದ ಮೇಲೆ ತನ್ನ ಎರಡು ತೂತು ಹಾಕುವಳು. ಹಾಗಾಗಿ ಯಾವಾಗಲೂ ಅಕ್ಕನದೇ ಮೊದಲು.

ಈಗ ನಡೆದದ್ದು ಕೇಳಿ. ಒಂದು ಸೋಮವಾರ ಶಾಲೆಯ ಸಮವಸ್ತ್ರಗಳ ಗಂಟು ಕೊಟ್ಟು ಕಳಿಸಿ ತಿರುಗಿದಾಗ ಅಳತೆಯಮ್ಮನಿಗೆ ಅಕ್ಕನ ಕುರ್ಚಿಯ ಕೈಮೇಲೆ ಒಂದು ಪುಸ್ತಕ ಕಂಡಿತು. ಇಪ್ಪತ್ತೊಂಬತ್ತನೆಯದು! ಅಕ್ಕನ ಮಗಳು ಲೈಬ್ರರಿಯಿಂದ ತಂದಿಟ್ಟಿರಬೇಕು. ಅಚ್ಚಾದ ತಿಂಗಳು ನೋಡಿದಳು. ಅಕ್ಕ ಹೋದ ನಾಲ್ಕು ತಿಂಗಳಿಗೆ ಬಂದದ್ದು. ಅಭ್ಯಾಸಬಲದಿಂದ ಮೂವತ್ತೊಂದನೆಯ ಪುಟ ತೆಗೆದು ಕಿಟಕಿಗೆ ಹಿಡಿದಳು.

ಮೂಲೆಯಲ್ಲಿ ಮೂರು ಚುಕ್ಕಿ ಹೊಳೆಯಿತು. ತ್ರಿಕೋನ.

ಬೀದಿಯಲ್ಲಿ ಸೈಕಲ್ ಬೆಲ್ ಕೇಳುತ್ತಿತ್ತು, ಹಾಡಹಗಲು, ಆದರೂ ತೋಳಿನ ಮೇಲೆ ಮುಳ್ಳೆದ್ದವು. ಕುರ್ಚಿಯ ದಿಂಬನ್ನು ನೋಡಿದಳು. ನಡುವೆ ತಗ್ಗು ಬಿದ್ದಿತ್ತು. ತಗ್ಗು ಮೊದಲಿಂದಲೂ ಇತ್ತೋ, ಈಗಷ್ಟೇ ಯಾರೋ ಎದ್ದು ಹೋದದ್ದೋ, ಹೇಳಲಾಗಲಿಲ್ಲ. ಅಂಗೈ ಇಟ್ಟಳು. ಬೆಚ್ಚಗಿತ್ತು. ಬಿಸಿಲು ಬೀಳುವ ಜಾಗ, ಬೆಚ್ಚಗೇ ಇರುತ್ತದೆ ಎಂದು ತನಗೆ ತಾನೇ ಗದರಿಕೊಂಡಳು.

ಸಂಜೆ ಮಗಳು ಬಂದ ಕೂಡಲೇ ಕೇಳಿದಳು. "ಈ ಪುಸ್ತಕ ನಮಗಿಂತ ಮುಂಚೆ ಯಾರು ತಗೊಂಡಿದ್ರು?"

"ಯಾರೂ ಇಲ್ಲ ಚಿಕ್ಕಮ್ಮ. ಕಟ್ಟು ಬಿಚ್ಚಿ ನನಗೇ ಮೊದಲು ಕೊಟ್ರು."

"ಮತ್ತೆ ನಿಮ್ಮಮ್ಮನ ಗುರುತು ಯಾರು ಹಾಕಿದ್ದು? ನೀನಾ?"

"ನಾನ್ಯಾಕೆ ಹಾಕ್ಲಿ? ನಾನು ಆ ಪುಸ್ತಕ ಓದೋದೇ ಇಲ್ವಲ್ಲ." ಮಗಳು ಮುಖ ತಿರುಗಿಸಿ ಚಹಾ ಕದಡತೊಡಗಿದಳು. ಅವಳು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವವಳಲ್ಲ. ಕದಡುವುದೇನನ್ನು? ಇಪ್ಪತ್ತೆಂಟು ಕಾದಂಬರಿ ಅರೆದು ಕುಡಿದವಳ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಅಳತೆಯಮ್ಮ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಯಾರೋ ಚೇಷ್ಟೆ ಮಾಡುತ್ತಿದ್ದರೆ ಅವರ ಚರ್ಮ ಸುಲಿಯಬೇಕು ಎಂದು ಸಿಟ್ಟು ಬರುತ್ತಿತ್ತು. ಅದರ ಬೆನ್ನಿಗೇ ಒಳಗಿನಿಂದ ಇನ್ನೊಂದು ಆಸೆ ಏಳುತ್ತಿತ್ತು. ಯಾರೂ ಆಗಿರದಿರಲಿ, ಅಕ್ಕನೇ ಆಗಿರಲಿ. ಹೇಳಿಕೊಂಡರೆ ಜನ ನಗುತ್ತಾರೆ. ಆದರೂ ಆ ಎಂಟು ತಿಂಗಳಲ್ಲಿ ಅವಳು ಇಷ್ಟು ಆಸೆಯಿಂದ ಬೇರೇನನ್ನೂ ಬಯಸಿರಲಿಲ್ಲ.

ವಾರ ಕಳೆದು ನೋಡಿದಾಗ ತ್ರಿಕೋನದ ಪಕ್ಕ ಇನ್ನೊಂದು ತ್ರಿಕೋನ. ಅದೇ ವಾರ ಶಾಲೆಯ ಮೇಷ್ಟರು ತಮ್ಮ ಹೊಸ ಕೋಟನ್ನು ಕವರಿನಲ್ಲಿ ಹಾಕಿಕೊಂಡು ಹಿಂದಕ್ಕೆ ಬಂದರು.

"ಅಳತೆಯಮ್ಮ, ತಪ್ಪು ತಿಳ್ಕೋಬೇಡಿ. ಇದಕ್ಕೆ ಎರಡೂ ಎಡತೋಳು."

"ಬಟ್ಟೆ ಜಾರಿರಬೇಕು ಮೇಷ್ಟ್ರೇ," ಎಂದು ಅವಳು ನಕ್ಕಳು. ಎರಡು ಎಡತೋಳು ಕತ್ತರಿಸುವಷ್ಟು ಬಟ್ಟೆ ಹೇಗೆ ಜಾರುತ್ತದೆ ಎಂದು ಮೇಷ್ಟರೂ ಕೇಳಲಿಲ್ಲ, ಅವಳೂ ಯೋಚಿಸಲಿಲ್ಲ. ಅವಳ ತಲೆಯ ತುಂಬ ಮೂವತ್ತೊಂದನೆಯ ಪುಟವೇ ತುಂಬಿತ್ತು.

ಕೊಡೆ ಇನ್ಸ್‌ಪೆಕ್ಟರ್ ಹೀಗಿದ್ದಾಗ ಏನು ಮಾಡುತ್ತಿದ್ದ? ಬಲೆ ಹಾಕುತ್ತಿದ್ದ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಪುಡಿ ಮಾಡಿ ಆ ಪುಟಕ್ಕೆ ಸವರಿದರೆ, ತೆರೆದವರ ಬೆರಳಿಗೆ ಅಂಟುತ್ತದೆ. ನೀಲಿ ಬೇಡ, ಅದು ತನ್ನ ಬೆರಳಿನಲ್ಲಿ ದಿನವಿಡೀ ಇರುವುದೇ. ಡಬ್ಬಿಯ ತಳದಲ್ಲಿ ಎಂದೂ ಬಳಸದ ಒಂದು ಕೆಂಪು ತುಂಡಿತ್ತು. ಮುಂದಿನ ವಾರ ಬುಧವಾರ ಬೆಳಿಗ್ಗೆ ಮಗಳು ಹೊರಟ ಮೇಲೆ ಅದನ್ನು ಪುಡಿ ಮಾಡಿ, ಹತ್ತಿಯಿಂದ ಪುಟದ ಅಂಚಿಗೆ ತೆಳ್ಳಗೆ ಸವರಿ, ಪುಸ್ತಕವನ್ನು ಕುರ್ಚಿಯ ಕೈಮೇಲೆ ಇದ್ದ ಹಾಗೇ ಇಟ್ಟಳು. ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು, ಉಗುರುಗಳನ್ನು ಬೆಳಕಿನಲ್ಲಿ ಪರೀಕ್ಷಿಸಿದಳು. ಚೊಕ್ಕಟ. ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡು, ಮಗಳ ಹೊಸ ಬಿಳಿ ಕೋಟಿಗೆ ಕಾಲರ್ ಕೂರಿಸಲು ಮಷಿನ್ ಮುಂದೆ ಕೂತಳು.

ಬುಧವಾರ ಮಗಳಿಗೆ ಅರ್ಧ ದಿನ ರಜೆ. ಅವಳು ಒಳಗಿನ ಕೋಣೆಯಿಂದ ಹೊರಗೆ ಬಂದಾಗ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಅಳತೆಯಮ್ಮ ಕುರ್ಚಿಯ ಬಳಿ ನಿಂತಿದ್ದಳು, ಎಡಗೈಯಲ್ಲಿ ಪುಸ್ತಕ, ಪುಡಿ ತಾಗದಂತೆ ಪುಟವನ್ನು ಕತ್ತರಿಯ ತುದಿಯಿಂದ ಎತ್ತಿ ಹಿಡಿದಿದ್ದಳು.

"ಸಿಕ್ಕಿಬಿದ್ದೆ ಕಳ್ಳಿ. ಮೂರನೇ ತ್ರಿಕೋನ. ನೋಡಿಲ್ಲಿ, ನಿನ್ನ ಕೋಟಿನ ಮೇಲೆ ಹೆಬ್ಬೆಟ್ಟು ಒತ್ತಿದೀಯ. ಕೆಂಪು ಹೆಬ್ಬೆಟ್ಟು! ಅಮ್ಮನ ಹೆಸರಲ್ಲಿ ಆಟ ಆಡ್ತೀಯಾ ನನ್ನ ಜೊತೆ?"

ಮಷಿನ್ ಮೇಲಿದ್ದ ಬಿಳಿ ಕೋಟಿನ ಕಾಲರ್ ಪಕ್ಕದಲ್ಲಿ ಗುರುತು ಎದ್ದು ಕಾಣುತ್ತಿತ್ತು. ಮಗಳು ಎರಡೂ ಅಂಗೈ ಮುಂದೆ ಚಾಚಿದಳು. ಔಷಧಿ ಅಂಗಡಿಯ ಕೈ, ಮಾತ್ರೆಯಷ್ಟು ಬೆಳ್ಳಗಿತ್ತು.

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಳತೆಯಮ್ಮ ನಿಧಾನವಾಗಿ ತನ್ನ ಬಲಗೈ ಮಗುಚಿ ನೋಡಿಕೊಂಡಳು. ಹೆಬ್ಬೆರಳು ಕೆಂಪು. ತೋರುಬೆರಳು ಕೆಂಪು.

"ನಾನು ಬೆಳಿಗ್ಗೆ ಕೈ ತೊಳ್ಕೊಂಡೆ. ಊಟ ಆದ್ಮೇಲೂ ತಟ್ಟೆ ತೊಳೆದೆ. ಆಮೇಲೆ..." ಆಮೇಲೆ ಏನು? ತಟ್ಟೆ ಮಗುಚಿಟ್ಟದ್ದು ನೆನಪಿದೆ. ಅದಾದ ಮೇಲೆ ಗಡಿಯಾರದ ಮೂರೂಕಾಲು. ನಡುವಿನ ಹೊತ್ತನ್ನು ಎಷ್ಟು ತಡಕಿದರೂ ಏನೂ ಕೈಗೆ ಸಿಗಲಿಲ್ಲ. "ಆಮೇಲೆ ನಾನು ಎಲ್ಲಿದ್ದೆ?"

"ಇಲ್ಲೇ ಇದ್ರಿ, ಸ್ಟೂಲ್ ಮೇಲೆ ಕೂತ್ಕೊಂಡು ಓದ್ತಿದ್ರಿ, ಗಟ್ಟಿಯಾಗಿ. ಅಮ್ಮನಿಗೆ." ಮಗಳು ಚಾಚಿದ ಕೈಗಳನ್ನು ಕೆಳಗಿಳಿಸಿದಳು. "ಮೂರು ವಾರ ಆಯ್ತು ಚಿಕ್ಕಮ್ಮ. ಆ ಪುಸ್ತಕ ಪೂರ್ತಿ ಮುಗಿಸ್ತೀರಿ, ಗುರುತು ಹಾಕ್ತೀರಿ, ಮತ್ತೆ ಮೊದಲಿಂದ ಶುರು ಮಾಡ್ತೀರಿ. ನಡುನಡುವೆ ನಿಲ್ಲಿಸಿ, ಬಂತು ಅಕ್ಕ, ಮಂಜು ಬಂತು ಅಂತೀರಿ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ ನೀನು?"

ಮಗಳು ಸೆರಗಿಗೆ ಬಾಯಿ ಒತ್ತಿ ಅತ್ತೇಬಿಟ್ಟಳು. "ಮಧ್ಯಾಹ್ನ ಊಟಕ್ಕೆ ಬಂದಾಗೆಲ್ಲ ಬಾಗಿಲ ಹಿಂದೆ ಕೂತು ಕೇಳ್ತಿದ್ದೆ. ನೀವು ಓದುವಷ್ಟು ಹೊತ್ತು ಅಮ್ಮ ಮನೇಲಿ ಇದ್ದ ಹಾಗಿರೋದು. ಹೇಳಿದ್ರೆ ಅದೂ ಹೋಗುತ್ತಲ್ಲ ಅಂತ... ನನ್ನದೇ ತಪ್ಪು. ನಾಳೆ ಡಾಕ್ಟರ ಹತ್ರ ಹೋಗೋಣ."

ಇಪ್ಪತ್ತೆಂಟು ಪುಸ್ತಕಗಳಲ್ಲಿ ಕೊಡೆ ಇನ್ಸ್‌ಪೆಕ್ಟರ್ ಒಮ್ಮೆಯೂ ತನ್ನ ಕೈ ತಾನು ನೋಡಿಕೊಂಡವನಲ್ಲ. ಅಳತೆಯಮ್ಮನಿಗೆ ಮೇಷ್ಟರ ಎರಡು ಎಡತೋಳು ನೆನಪಾಯಿತು. ಬರೆದಿಡದ ಅಳತೆಗಳೆಲ್ಲ ನೆನಪಾದವು. ಬೀದಿಯ ಜನರ ಭುಜ, ಕತ್ತು, ಸೊಂಟ, ಎಲ್ಲವೂ ಇರುವುದು ಈ ಒಂದು ತಲೆಯಲ್ಲಿ. ಅದರೊಳಗೂ ಮಂಜು ಇಳಿಯತೊಡಗಿದೆ. ಅವಳಿಗೆ ಭಯವಾಯಿತು. ಅಕ್ಕ ಬಂದಿರಲಿಲ್ಲ ಎಂಬ ದುಃಖ ಆ ಭಯಕ್ಕಿಂತ ದೊಡ್ಡದಾಗಿತ್ತು.

"ಒಂದು ನೋಟ್‌ಬುಕ್ ತಗೊಂಡು ಬಾ ನಾಳೆ," ಎಂದಳು. "ಅಳತೆ ಎಲ್ಲಾ ಬರ್ಕೊಂಡು ಬಿಡು, ನಾನು ಹೇಳ್ತೀನಿ. ಡಾಕ್ಟರ ಹತ್ರಾನೂ ಹೋಗೋಣ. ಈಗ ಬಾಗಿಲು ಹಾಕು, ಗಿರಾಕಿ ಬಂದ್ರೆ ನಾಳೆ ಅನ್ನು."

"ಯಾಕೆ ಚಿಕ್ಕಮ್ಮ?"

"ಮೂರು ಸಲ ಓದಿ ಹೇಳಿದೀನಂತೆ, ಕೊಲೆ ಯಾರು ಮಾಡಿದ್ದು ಅಂತ ನನಗೆ ಗೊತ್ತಿಲ್ಲ. ಓದಿ ಹೇಳಿದ್ದು ಓದಿದ ಲೆಕ್ಕ ಅಲ್ಲ. ನೀನು ಓದು, ನಾನು ಕೇಳ್ತೀನಿ."

ಮಗಳು ಸ್ಟೂಲ್ ಎಳೆದುಕೊಂಡಳು. ಅಳತೆಯಮ್ಮನಿಗೆ ಕೂರಲು ಉಳಿದದ್ದು ಬೆತ್ತದ ಕುರ್ಚಿ. ಎಂಟು ತಿಂಗಳಲ್ಲಿ ಅದರಲ್ಲಿ ಯಾರೂ ಕೂತಿರಲಿಲ್ಲ. ಕೂತಳು. ದಿಂಬಿನ ತಗ್ಗು ಅವಳ ಅಳತೆಗೆ ಸರಿಯಾಗಿ ಹೊಂದಿತು. ಕಣ್ಣು ಮುಚ್ಚಿದಳು. ಮಗಳು ಮೊದಲು ತಡವರಿಸಿ, ಆಮೇಲೆ ಸಲೀಸಾಗಿ ಓದತೊಡಗಿದಳು. ಬಂದರು, ಬ್ರೆಡ್ಡಿನ ಅಂಗಡಿ, ಐದನೆಯ ಮೆಟ್ಟಿಲು. ಕಟ್ಟೆಯ ಮೇಲೆ ಒಂದು ಹೆಣ. ಯಾರ ಮೇಲೆ ಅನುಮಾನ ಎಂದು ಇನ್ಸ್‌ಪೆಕ್ಟರ್ ಒಬ್ಬೊಬ್ಬರನ್ನೇ ಕೇಳುತ್ತಿದ್ದ.

"ಕೊಲೆ ಯಾರು ಮಾಡಿದ್ರೆ ನಮಗೇನೇ?" ಎಂದಿತು ಕುರ್ಚಿಯಿಂದ ಒಂದು ಧ್ವನಿ. "ಮಂಜು ಬಂತಾ, ಅದು ಹೇಳು."

ಓದು ನಿಂತಿತು. ಆ ಮಾತು ತನ್ನ ಬಾಯಿಂದಲೇ ಬಂದದ್ದೆಂದು ಅಳತೆಯಮ್ಮನಿಗೆ ತಿಳಿದದ್ದು ಮಗಳು ಉಸಿರೆಳೆದುಕೊಂಡ ಸದ್ದು ಕೇಳಿದ ಮೇಲೆ.

"ಬಂತು," ಎಂದಳು ಮಗಳು ಮೆಲ್ಲಗೆ, "ಈಗ ಬಂತು." ಮತ್ತೆ ಮುಂದಕ್ಕೆ ಓದಿದಳು.

ಆ ಪುಸ್ತಕ ಮುಗಿಯಲು ಐದು ಮಧ್ಯಾಹ್ನ ಹಿಡಿಯಿತು. ಕೊನೆಯ ದಿನ ಅಳತೆಯಮ್ಮ ಸೂಜಿ ಕೇಳಿದಳು, ಮೂವತ್ತೊಂದನೆಯ ಪುಟ ತೆರೆಸಿದಳು. ಕಣ್ಣು ತೆರೆಯದೆ, ಬೆರಳಿನಿಂದ ಮೂಲೆ ತಡವಿ ಚುಚ್ಚಿದಳು.

"ನಾನು ಎರಡೇ ಹಾಕಿದ್ದಲ್ವಾ, ಅಕ್ಕನ ಮೂರಲ್ಲ ತಾನೆ? ಸರಿಯಾಗಿ ನೋಡಿ ಹೇಳು."

ಪುಟವನ್ನು ಎತ್ತಿ ಬೆಳಕಿಗೆ ಹಿಡಿಯುವ ಸರಸರ ಸದ್ದು ಕೇಳಿಸಲಿಲ್ಲ. ಪುಸ್ತಕ ಮುಚ್ಚಿದ ಸದ್ದಷ್ಟೇ ಕೇಳಿಸಿತು.

"ಎರಡೇ ಚಿಕ್ಕಮ್ಮ," ಎಂದಳು ಮಗಳು.