ಸೀಟಿ ಅಕ್ಕನ ಸುತ್ತ ಖಾಲಿಯಾದ ಕುರ್ಚಿಗಳು

ಅವಳ ಕಸುಬು ಬಸ್ಸು, ಲಾರಿಗಳ ಸೀಟು ಹೊಲಿಯುವುದು. ಹುಚ್ಚು, ಹಾಕಿ ಮೈದಾನದಲ್ಲಿ ಕೂತು ಸೀಟಿ ಹೊಡೆಯುವುದು. ಹಾಗಾಗಿ ಪೂರ್ವದ ಗ್ಯಾಲರಿಯವರು ಅವಳನ್ನು ಸೀಟಿ ಅಕ್ಕ ಎಂದು ಕರೆಯತೊಡಗಿದಾಗ, ಯಾವ ಅರ್ಥದಲ್ಲಿ ಕರೆದರೂ ಆ ಹೆಸರು ಒಪ್ಪುತ್ತಿತ್ತು.

ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆಯುವುದನ್ನು ಕಲಿಸಿದವರು ಅಪ್ಪ. ಅವರು ಹೋದ ಮೇಲೂ ಅವಳು ಅದೇ ಗ್ಯಾಲರಿ, ಅದೇ ಸಾಲು ಬಿಡಲಿಲ್ಲ. ನಮ್ಮ ತಂಡಕ್ಕೆ ಪೆನಾಲ್ಟಿ ಕಾರ್ನರ್ ಸಿಕ್ಕಿತೆಂದರೆ ಸಾಕು, ಅಕ್ಕಪಕ್ಕದವರೆಲ್ಲ ಉಸಿರು ಬಿಗಿಹಿಡಿದು ಅವಳ ಕಡೆ ತಿರುಗುವರು. ಮೊದಲು ಅವಳ ಸೀಟಿ, ಆಮೇಲೆ ಉಳಿದವರ ಕೂಗು. ಪಾತ್ರೆ ಅಂಗಡಿಯವನೊಬ್ಬ ಮನೆಯಿಂದ ಹಳೆಯ ಬಾಣಲೆ ತಂದು ಬಡಿಯುತ್ತಿದ್ದ. ಯಾರೂ ಆರಿಸದಿದ್ದರೂ ಆ ಗ್ಯಾಲರಿಗೆ ಅವನೇ ಯಜಮಾನ.

ಬೇರೆ ಊರಿನ ಪಂದ್ಯಗಳಿಗೂ ಅವಳು ರೈಲು ಹತ್ತಿ ಹೋಗುವಳು. ಜನ ಸೇರುವ ಮುಂಚೆಯೇ ಒಳಹೊಕ್ಕು, ನೀರು ಹೊಡೆಸಿಕೊಂಡು ಮಿನುಗುವ ಟರ್ಫಿನ ವಾಸನೆ ಎಳೆದುಕೊಂಡು, ಆಮೇಲೆ ಕುರ್ಚಿಗಳನ್ನು ಒಂದೊಂದಾಗಿ ಒತ್ತಿ ನೋಡುವಳು. ಮನೆಗೆ ಬಂದು ಗಂಡನಿಗೆ ವರದಿ: "ಪಂದ್ಯ ಏನೋ ಗೆದ್ವಿ ರೀ. ಆದ್ರೆ ಆ ಕುರ್ಚಿ ಮೇಲೆ ಕೂತವರು ಸೊಂಟ ಅಲ್ಲೇ ಬಿಟ್ಟು ಬರ್ಬೇಕು." ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಗಂಡನಿಗೆ ಹಾಕಿಯ ಗಂಧಗಾಳಿ ಇರಲಿಲ್ಲ. ಆದರೂ ಹೂಂಗುಡುವನು.

ಆ ವರ್ಷದ ಮೊದಲ ಪಂದ್ಯದಲ್ಲಿ ಅವಳು ಸೀಟಿ ಹೊಡೆದ ಕ್ಷಣಕ್ಕೇ ನಮ್ಮ ನಾಯಕನ ಮೊಣಕಾಲಿಗೆ ಚೆಂಡು ಬಡಿಯಿತು. ಅವನನ್ನು ಎತ್ತಿಕೊಂಡು ಹೋದರು.

"ಏನಕ್ಕಾ, ಸೀಟಿ ಹೊಡೆದ್ರೋ ಕಲ್ಲು ಹೊಡೆದ್ರೋ?" ಎಂದ ಪಾತ್ರೆ ಅಂಗಡಿಯವನು. ಸುತ್ತಲಿದ್ದವರು ನಕ್ಕರು. ಅವಳೂ ನಕ್ಕಳು.

ಮುಂದಿನ ಪಂದ್ಯ ಸೋತರು. ಅದರ ಮುಂದಿನದನ್ನೂ ಸೋತರು. ಅಣ್ಣನ ಮಗಳ ಮದುವೆಯೆಂದು ಅವಳು ಒಂದು ಪಂದ್ಯ ತಪ್ಪಿಸಿಕೊಂಡಳು, ಅದರಲ್ಲಿ ಎದುರಾಳಿಗಳು ಧೂಳೀಪಟವಾದರು. ಅವಳು ಮರಳಿ ಬಂದ ದಿನ ಬಾಣಲೆಯ ಸದ್ದು ಸಣ್ಣಗಾಯಿತು. "ಬಂದ್ರಾ?" ಎಂದು ಕೇಳಿದವರ ಮುಖದಲ್ಲಿ ನಗು ಇರಲಿಲ್ಲ.

ಅಷ್ಟರಲ್ಲಿ ಒಂದು ವಿಡಿಯೊ ಫೋನಿನಿಂದ ಫೋನಿಗೆ ಹರಿದಾಡತೊಡಗಿತು. ಮೊದಲು ಅವಳ ಬಾಯಿ, ಬೆರಳು, ಸೀಟಿ. ತಕ್ಷಣ ನಾಯಕ ಕುಸಿದು ಬೀಳುವುದು. ಮತ್ತೆ ಮೊದಲಿನಿಂದ. ಗಂಡನಿಗೆ ಅದನ್ನು ತೋರಿಸಿದವನು ಔಷಧಿ ಕೊಳ್ಳಲು ಬಂದ ಯಾವನೋ ಅಪರಿಚಿತ. "ಇವ್ರು ನಿಮ್ಮನೆಯವರಲ್ವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದನಂತೆ.

ಗಂಡ ಅದನ್ನು ಹಗುರವಾಗಿಸಲು ನೋಡಿದ. "ಇನ್ಮೇಲೆ ನಮ್ಮ ಕುಕ್ಕರ್ ಮೇಲೂ ಅನುಮಾನ ಪಡ್ತಾರೇನೋ. ಅದೂ ದಿನಾ ಸೀಟಿ ಹೊಡೆಯತ್ತೆ." ಅವಳು ನಗಲು ಹೋದಳು, ಆಗಲಿಲ್ಲ.

ಗ್ಯಾಲರಿಯಲ್ಲಿ ಅವಳ ಎರಡೂ ಬದಿಯ ಕುರ್ಚಿಗಳು ಖಾಲಿಯಾದವು. ಮುಂದಿನ ಸಾಲಿನವರೂ ಒಬ್ಬೊಬ್ಬರಾಗಿ ಜಾಗ ಬದಲಿಸಿದರು. ಯಾರೂ ಬೈಯುತ್ತಿರಲಿಲ್ಲ, ಬೈದಿದ್ದರೆ ಅವಳಿಗೆ ಜವಾಬು ಕೊಡಲು ಬರುತ್ತಿತ್ತು. ಒಂದು ಪಂದ್ಯದಲ್ಲಿ ಅವಳು ಕೈಯನ್ನೇ ಎತ್ತದೆ ಕೂತಳು. ತಂಡ ಗೆದ್ದಿತು. ಅವಳು ಬಾಯಿ ಮುಚ್ಚಿಕೊಂಡಿದ್ದಕ್ಕೇ ಗೆದ್ದೆವು ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿತ್ತು.

ಅದೂ ಇದೂ ಎಡವಟ್ಟಾಗುತ್ತಲೇ ತಂಡ ಹೇಗೋ ಫೈನಲ್ ಮುಟ್ಟಿತು. ಪಾತ್ರೆ ಅಂಗಡಿಯವನು ಅವಳ ಶೆಡ್ಡಿಗೇ ಬಂದ. ಅವಳು ಬಾಗಿದ ಸೂಜಿಯಿಂದ ಲಾರಿ ಸೀಟಿನ ಅಂಚು ಹೊಲಿಯುತ್ತಿದ್ದಳು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ನಾನು ಇದನ್ನೆಲ್ಲ ನಂಬೋನಲ್ಲ."

"ಮತ್ತೆ?"

"ಹುಡುಗರು ನಂಬ್ತಾರೆ. ಫೈನಲ್ ಒಂದಕ್ಕೆ ಬರ್ಬೇಡಿ. ಏನಾದ್ರೂ ಆದ್ರೆ ನನ್ನ ಕೈಲಿ ಇರಲ್ಲ."

"ಏನಾದ್ರೂ ಅಂದ್ರೆ?"

ಅವನು ಆ ಸೀಟಿನ ಮೇಲೆ ಕೈಯಾಡಿಸಿ, "ಚೆನ್ನಾಗಿ ಬಂದಿದೆ" ಎಂದು ಹೇಳಿ ಹೋದ.

ಮರುದಿನ ಬೆಳಿಗ್ಗೆ ಶೆಡ್ಡಿನ ಬೀಗ ಮುರಿದಿತ್ತು. ಒಂದು ಸಾಮಾನೂ ಕಳುವಾಗಿರಲಿಲ್ಲ. ಆ ಸೀಟು ಮಾತ್ರ ಈ ತುದಿಯಿಂದ ಆ ತುದಿಗೆ ಸೀಳಿಕೊಂಡು, ಒಳಗಿನ ಫೋಮು ಹೊರಚಾಚಿತ್ತು. ಅವಳು ನೆಲದ ಮೇಲೆ ಕೂತು ಅದನ್ನೇ ನೋಡಿದಳು. ಸಿಟ್ಟಿಗಿಂತ ಮೊದಲು ಅವಳ ತಲೆಗೆ ಬಂದದ್ದು ಬೇರೆಯೇ ಮಾತು. ಇದೂ ನನ್ನಿಂದಲೇ ಆಯಿತೇ? ಆ ಯೋಚನೆ ತನ್ನೊಳಗೂ ಬಂದು ಸೇರಿಕೊಂಡಿದೆ ಎಂದು ತಿಳಿದಾಗ ಅವಳು ತಟ್ಟನೆ ಎದ್ದು ಫೋಮನ್ನು ಒಳಗೆ ತುರುಕತೊಡಗಿದಳು.

"ಟಿವಿಲೇ ನೋಡು ಮಾರಾಯ್ತಿ," ಎಂದ ಗಂಡ.

"ಟಿವಿಲಿ ನೋಡ್ದಾಗ್ಲೂ ಸೋತ್ರೆ? ಆಮೇಲೆ ಕಣ್ಣು ಮುಚ್ಕೊಂಡು ಕೂರ್ಲಾ?"

ಫೈನಲ್ ಮಧ್ಯಾಹ್ನ ಇತ್ತು. ಅವಳು ಗಂಡನ ಟೋಪಿ ಹಾಕಿಕೊಂಡು ಎದುರಿನ ಪಶ್ಚಿಮದ ಗ್ಯಾಲರಿಯಲ್ಲಿ, ಮೇಲಿನ ಸಾಲಿನಲ್ಲಿ ಕೂತಳು. ಅಷ್ಟು ವರ್ಷದಲ್ಲಿ ಅಲ್ಲಿಂದ ಆಟ ನೋಡಿದ್ದು ಅದೇ ಮೊದಲು. ಆಚೆ ಬದಿಯಲ್ಲಿ ತನ್ನ ಕುರ್ಚಿ ಖಾಲಿ ಇರುವುದು ಅಷ್ಟು ದೂರಕ್ಕೂ ಕಾಣುತ್ತಿತ್ತು.

ಸಮಸಮವಾಗಿ ನಡೆಯುತ್ತಿದ್ದ ಆಟದಲ್ಲಿ ನಮ್ಮ ಗೋಲ್‌ಕೀಪರ್ ಜಾರಿದ, ಚೆಂಡು ಒಳಗೆ ಹೋಯಿತು. ಅವಳ ಮುಂದಿನ ಸಾಲಿನವನೊಬ್ಬ ತಲೆ ಚಚ್ಚಿಕೊಳ್ಳುತ್ತ ಹಿಂದೆ ತಿರುಗಿದ. ತಿರುಗಿದವನು ಹಾಗೇ ನಿಂತ. ಪಕ್ಕದವನ ತೋಳು ಜಗ್ಗಿದ. ಒಂದು ಸಾಲು ತಿರುಗಿತು, ಅದರ ಕೆಳಗಿನದು ತಿರುಗಿತು. ಕೆಳಗೆ ಆಟ ನಡೆಯುತ್ತಲೇ ಇತ್ತು, ನೋಡುವವರಿರಲಿಲ್ಲ. "ಎದ್ದು ಹೋಗು" ಎಂದು ಒಬ್ಬ ಕೂಗಿದ. ಆಮೇಲೆ ಕೂಗುವವರಿಗೆ ಲೆಕ್ಕವಿರಲಿಲ್ಲ. ನೀರಿನ ಬಾಟಲಿಯೊಂದು ಹಾರಿ ಬಂದು ಅವಳ ಭುಜಕ್ಕೆ ತಾಗಿತು.

ಅವಳು ಎದ್ದು ನಿಂತಳು. ಎರಡು ಬೆರಳು ಬಾಯಿಗಿಟ್ಟಳು.

ಗ್ಯಾಲರಿ ತಟ್ಟನೆ ಸ್ತಬ್ಧವಾಯಿತು. ಹತ್ತಿರದಲ್ಲಿದ್ದವನೊಬ್ಬ ಮುಖಕ್ಕೆ ಕೈ ಅಡ್ಡ ಹಿಡಿದ. ಅಷ್ಟು ಕಣ್ಣುಗಳಲ್ಲಿ ಅವಳು ಕಂಡದ್ದು ಸಿಟ್ಟಲ್ಲ, ಹೆದರಿಕೆ. ತನಗೆ ಇವರ ಮೇಲೆ ಇಷ್ಟು ಅಧಿಕಾರವಿದೆಯೇ ಎಂದು ಒಂದು ಗಳಿಗೆ ಅವಳಿಗೆ ಹಿತವಾಯಿತು. ಆ ಹಿತಕ್ಕೇ ಅವಳು ಬೆಚ್ಚಿದಳು. ಬೆರಳು ತೆಗೆದು, ಸೀಟಿ ಹೊಡೆಯದೆಯೇ ಮೆಟ್ಟಿಲಿಳಿದಳು. ಜನ ಮೈ ತಾಗದ ಹಾಗೆ ಸರಿದು ದಾರಿ ಬಿಟ್ಟರು.

ಬಸ್ ನಿಲ್ದಾಣದ ಹತ್ತಿರ ಬಂದಾಗ ಹಿಂದೆ ಭೋರೆಂದು ಕೂಗೆದ್ದಿತು. ಯಾರ ಗೋಲೆಂದು ಅವಳು ಯಾರನ್ನೂ ಕೇಳಲಿಲ್ಲ. ತಂಡ ಗೆದ್ದದ್ದು ಸಂಜೆ ಗಂಡನಿಂದ ತಿಳಿಯಿತು. ಅವಳು ಎದ್ದು ಹೋದದ್ದರಿಂದಲೇ ಗೆದ್ದೆವೆಂಬ ಮಾತು ಅದಕ್ಕೂ ಮುಂಚೆ ಊರೆಲ್ಲ ಮುಟ್ಟಿತ್ತು.

ಮುಂದಿನ ಋತುವಿನ ಹೊಸ್ತಿಲಲ್ಲಿ ಪಾತ್ರೆ ಅಂಗಡಿಯವನು ಮತ್ತೆ ಬಂದ. ಈ ಸಲ ಹಲ್ಲು ಕಿರಿಯುತ್ತಿದ್ದ. "ಅಕ್ಕಾ, ಒಂದು ಉಪಕಾರ ಮಾಡಿ. ಬನ್ನಿ, ಆದ್ರೆ ಎದುರಾಳಿ ಕಡೆಯವರ ಮಧ್ಯೆ ಕೂತು ಸೀಟಿ ಹೊಡೀರಿ."

"ನೀವು ಇದನ್ನೆಲ್ಲ ನಂಬೋರಲ್ಲ ಅಂದಿದ್ರಿ?"

ಅವನು ಕಣ್ಣು ತಪ್ಪಿಸಿದ.

"ಬರ್ತೀನಿ," ಎಂದಳು. "ಆದ್ರೆ ಪೂರ್ವದ ಗ್ಯಾಲರಿಗೇ. ನಿಮ್ಮ ಪಕ್ಕದಲ್ಲೇ." ಅವನ ಮುಖ ಬಿಳಿಚಿಕೊಂಡಿತು.

ಹೇಳಿದಂತೆಯೇ ಹೋದಳು. ಆ ಸಾಲಿನಲ್ಲಿ ಒಬ್ಬರೂ ಇರಲಿಲ್ಲ. ಅವಳ ಜೊತೆಗೆ ಬಂದವನು ಗಂಡ, ಅಂಗಡಿಗೆ ರಜೆ ಹಾಕಿ. ಯಾರೂ ಕೂರದ ಕುರ್ಚಿಯಲ್ಲಿ ಅವನು ನಿರಾಳವಾಗಿ ಕಾಲು ಚಾಚಿ ಕೂತ. ಆಟಗಾರರು ಒಳಗೆ ಓಡಿ ಬಂದರು. ಹಿಂದೆ ಮಾತು ನಿಂತುಹೋಗಿ, ಇಡೀ ಗ್ಯಾಲರಿಯ ದೃಷ್ಟಿ ತಮ್ಮ ಬೆನ್ನಿಗೆ ನಾಟಿರುವುದು ಅವನಿಗೂ ಗೊತ್ತಾಗಿರಬೇಕು.

"ಇದ್ರಲ್ಲಿ ನಮ್ಮೋರು ಯಾರೇ?" ಎಂದು ಕೇಳಿದ.

ಅವಳು ತಿರುಗಿ ನೋಡಲಿಲ್ಲ. "ನೀಲಿ ಅಂಗಿಯವರು," ಎಂದಳು.