ಜಗಲಿಯ ತಲೆದಿಂಬು

ನಮ್ಮ ಮನೆಯ ಬೀದಿ ಜಗಲಿಯ ಮೇಲೆ, ಬಾಗಿಲಿನ ಮಗ್ಗುಲಿಗೆ, ಗಾರೆಯಲ್ಲೇ ಕಟ್ಟಿದ ಒಂದು ತಲೆದಿಂಬಿದೆ. ಮನೆ ಕಟ್ಟಿಸಿದ ನನ್ನ ಅಜ್ಜ, ದಾರಿಹೋಕರು ಮಲಗುವಾಗ ತಲೆಗೊಂದು ಆಸರೆಯಿರಲಿ ಎಂದು ಜಗಲಿಯ ಆ ತುದಿಯನ್ನು ಇಳಿಜಾರಾಗಿ ಎತ್ತರಿಸಿ, ಬೆಲ್ಲದ ನೀರು ಬೆರೆಸಿದ ಸುಣ್ಣದ ಗಾರೆಯಿಂದ ನುಣುಪು ಮಾಡಿಸಿದ್ದನಂತೆ. ಅದರ ನಡುವೆ ಈಗ ಅಂಗೈಯಗಲದ ಒಂದು ಗುಳಿ ಬಿದ್ದಿದೆ. ಹತ್ತಿಯ ದಿಂಬು ತಲೆ ಇಟ್ಟ ಕೂಡಲೇ ಬಗ್ಗುತ್ತದೆ, ಬೆಳಗಾದರೆ ಮರೆತುಬಿಡುತ್ತದೆ. ಈ ಗಾರೆಯ ದಿಂಬಿಗೆ ಬಗ್ಗುವುದಕ್ಕೆ ಎರಡು ತಲೆಮಾರು ಹಿಡಿಯಿತು, ಆದರೆ ಅದು ಒಂದು ತಲೆಯನ್ನೂ ಮರೆತ ಹಾಗೆ ಕಾಣುವುದಿಲ್ಲ. ಸಂಜೆ ಕಚೇರಿಯಿಂದ ಬಂದು ಅದರ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತರೆ, ಅಲ್ಲಿ ಮಲಗಿ ಎದ್ದುಹೋದವರ ನಿದ್ದೆಯೆಲ್ಲ ಇನ್ನೂ ಆ ಗುಳಿಯಲ್ಲಿ ಒಂದಿಷ್ಟು ಉಳಿದಿದೆಯೋ ಏನೋ ಎಂಬಂತೆ ನನಗೂ ಮಂಪರು ಹತ್ತುತ್ತದೆ.

ಗೆಳೆಯ, ನಮ್ಮ ಕಡೆ ಜಗಲಿಯ ಮೇಲೆ ಮಲಗುವುದಕ್ಕೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಬೆಳಗ್ಗೆ ಮನೆಯಾಕೆ ಬಾಗಿಲಿಗೆ ನೀರು ಹಾಕುವುದರೊಳಗೆ ಎದ್ದು ಚಾಪೆ ಸುತ್ತಿದರೆ ಸಾಕು. ಇದಕ್ಕಿಂತ ಚೆಂದದ ಇನ್ನೊಂದು ವಾಡಿಕೆಯೂ ಇದೆ. ಮಲಗಿದವರು ಯಾರೆಂದು ಮೂರನೆಯವರು ವಿಚಾರಿಸಿದರೆ, ಮನೆಯವರು ‘ನಮ್ಮನೆಯವರೇ’ ಎಂದುಬಿಡುತ್ತಾರೆ. ಒಬ್ಬ ಮನುಷ್ಯನ ಎದುರಿಗೇ ಅವನಿಗೆ ಮನೆಯಿಲ್ಲ, ದಿಕ್ಕಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಅಶುಭ ಎಂದು ನಂಬಿಕೆ. ನಲ್ಲೂರಿನಿಂದ ಹುಣಸೆಹಣ್ಣಿನ ಮೂಟೆ ತಂದವರನ್ನು, ತ್ಯಾಮಗೊಂಡ್ಲಿನ ತೆಂಗಿನಕಾಯಿ ಗಾಡಿಯವರನ್ನು ನಮ್ಮಮ್ಮ ಹಾಗೆಯೇ ನಮ್ಮನೆಯವರನ್ನಾಗಿ ಮಾಡಿಕೊಂಡಿದ್ದಳು. ಒಮ್ಮೆಯಂತೂ ತೆಲುಗು ಬಿಟ್ಟು ಬೇರೆ ಮಾತೇ ಬಾರದ ಬಳೆಗಾರನನ್ನೂ, ಅವನ ಒಂದು ಮಾತೂ ಅರ್ಥವಾಗದೆ, ನಮ್ಮವನೇ ಎಂದು ಸಾಧಿಸಿದ್ದಳು.

ಆಗ ನಾನು ನಮ್ಮೂರಿನ ಮುನಿಸಿಪಾಲಿಟಿಯಲ್ಲಿ ಗುಮಾಸ್ತ. ಊರಿನ ಹೆಸರು ಹೇಳಲಾರೆ, ಹೇಳಿದರೆ ಊರವರು ಜಗಳಕ್ಕೆ ಬಂದಾರು. ದೇವನಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ ಎಂದರೆ ಸಾಕು. ಯುದ್ಧ ಮುಗಿದಿತ್ತು, ರೇಷನ್ನು ಮುಗಿದಿರಲಿಲ್ಲ. ಮಗ್ಗದ ಕೆಲಸ, ಕಲ್ಲು ಒಡೆಯುವ ಕೆಲಸ ಹುಡುಕಿಕೊಂಡು ಸುತ್ತಲ ಹಳ್ಳಿಗಳ ಜನ ಊರಿಗೆ ಬಂದು ತುಂಬುತ್ತಿದ್ದರು. ಬಡವರಿಗೆ ಕಡಿಮೆ ಬಾಡಿಗೆಯ ಮನೆ ಕಟ್ಟಿಕೊಡುವ ಹಳೆಯ ಯೋಜನೆಯೊಂದನ್ನು ಈಗಿನ ಸ್ಥಿತಿಗೆ ಸರಿಯಾಗಿ ತಿದ್ದಿ ಬರೆಯಬೇಕೆಂದು ನನಗೆ ಅಪ್ಪಣೆಯಾಯಿತು. ಬೀರುವಿನ ತಳದಿಂದ ಆ ಕಡತ ತೆಗೆದು ಧೂಳು ಕೊಡವಿದರೆ, ಮೊದಲ ಪುಟದಲ್ಲೇ ಮುತ್ತಿನಂಥ ಅಕ್ಷರದಲ್ಲಿ ಒಂದು ಸಾಲು: ‘ಈ ಪಟ್ಟಣದಲ್ಲಿ ಮನೆಯಿಲ್ಲದವರು ಯಾರೂ ಇರುವುದಿಲ್ಲ.’

ಓದಿ ಮೊದಲು ನನಗೆ ಹೆಮ್ಮೆಯೇ ಆಯಿತು. ಕಿಟಕಿಯಾಚೆ ಮಧ್ಯಾಹ್ನದ ಬಿಸಿಲು, ದೂರದ ಮಗ್ಗಗಳ ಲಟಪಟ ಸದ್ದು. ಎಲ್ಲರಿಗೂ ಸೂರಿರುವ, ಎಲ್ಲ ಸೂರಿನ ಕೆಳಗೂ ಒಂದು ಒಲೆಯಿರುವ ಆ ಕಾಗದದ ಊರಿನಲ್ಲಿ ನಾನು ಸ್ವಲ್ಪ ಹೊತ್ತು ಸುಖವಾಗಿ ಅಲೆದಾಡಿದೆ. ಆಮೇಲೆ, ಮನೆಗೊಂದು ಪುಟದಂತೆ ಊರಿನ ಜನರ ಹೆಸರು ಬರೆದಿದ್ದ ಹಾಳೆಗಳನ್ನು ಮಗುಚುತ್ತ ಹೋದೆ. ನಮ್ಮ ಮನೆಯ ಪುಟದಲ್ಲಿ ಐದು ಜನರಿರಬೇಕಾದ ಕಡೆ ಆರು ಹೆಸರಿದ್ದವು. ಆರನೆಯದು, ನಮ್ಮ ಜಗಲಿಯ ಮೇಲೆ ಮಲಗುತ್ತಿದ್ದವಳದು: ‘ನಂಜಮ್ಮ, ಮನೆಯವರು.’

ಹಿಂದಿನ ಗುಮಾಸ್ತರು ಪಾಪ, ಮೋಸ ಮಾಡಿದವರಲ್ಲ. ಸಂಜೆ ಹೊತ್ತು ಮನೆಮನೆಗೆ ಹೋಗಿ, ಜಗಲಿಯ ಮೇಲೆ ಚಾಪೆ ಹಾಸುತ್ತಿದ್ದವರನ್ನು ತೋರಿಸಿ ಯಾರೆಂದು ಕೇಳಿದ್ದಾರೆ, ಮನೆಯವರೆಲ್ಲ ವಾಡಿಕೆಯಂತೆ ನಮ್ಮನೆಯವರೇ ಎಂದಿದ್ದಾರೆ, ಇವರು ಬರೆದುಕೊಂಡಿದ್ದಾರೆ. ಊರಿನ ಸೌಜನ್ಯವೆಲ್ಲ ಸೇರಿ ಊರಿನ ನಿರ್ಗತಿಕರನ್ನು ಹೀಗೆ ಅಳಿಸಿಹಾಕಿತ್ತು. ಮನೆ ಬೇಕಾದವರೇ ಇಲ್ಲವೆಂದಮೇಲೆ ಮನೆ ಯಾರಿಗೆ ಕಟ್ಟುವುದು? ಯೋಜನೆ ಬೀರುವಿನ ತಳ ಸೇರಿತ್ತು. ಓವರ್‌ಸಿಯರ್ ಗಫಾರ್ ಸಾಹೇಬರಿಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಬಹಳ ಹೊತ್ತು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಗುಮಾಸ್ತರೇ, ನಮ್ಮನೆ ಪುಟದಲ್ಲೂ ಒಬ್ಬರು ಜಾಸ್ತಿ ಇರ್ತಾರೆ, ನೋಡ್ರಿ” ಎಂದರು. ಇದ್ದರು.

ನಂಜಮ್ಮ ನಮ್ಮ ಜಗಲಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಗಂಡ ತೀರಿಕೊಂಡಿದ್ದ, ಹಳ್ಳಿಯಲ್ಲಿದ್ದ ಗುಡಿಸಲು ಮಳೆಗೆ ಕುಸಿದಿತ್ತು. ಒಂದು ಚಾಪೆ, ಒಂದು ರಾಟೆ ತಂದಿದ್ದಳು. ಹಗಲೆಲ್ಲ ಮಗ್ಗದವರ ಮನೆಗಳಿಗೆ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿಕೊಡುವಳು, ರಾತ್ರಿ ಆ ತಲೆದಿಂಬಿನ ಮೇಲೆ ತಲೆಯಿಡುವಳು. ಅಮ್ಮ ಅವಳಿಗೆ ದಿನವೂ ಹೊಸ್ತಿಲಾಚೆಗೆ ಕೈಚಾಚಿ ಮುದ್ದೆ, ಸಾರು ಕೊಡುತ್ತಿದ್ದಳು. ಮಳೆಯ ಎರಚಲು ಹೊಡೆದರೆ ನಂಜಮ್ಮ ಚಾಪೆ ಸುತ್ತಿಟ್ಟು, ರಾಟೆಗೆ ಸೆರಗು ಮುಚ್ಚಿ, ಗೋಡೆಗೆ ಬೆನ್ನು ಆನಿಸಿ ಮಳೆ ನಿಲ್ಲುವವರೆಗೂ ಕೂತಿರುತ್ತಿದ್ದಳು. ಒಳಗೆ ಬಾ ಎಂದು ನಾವು ಅನ್ನಲಿಲ್ಲ, ಬರಲೇ ಎಂದು ಅವಳು ಕೇಳಲಿಲ್ಲ. ನಿಜ ಹೇಳುತ್ತೇನೆ, ಇದರಲ್ಲಿ ಏನೋ ಕೊರೆಯಿದೆ ಎಂದು ಆಗ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಮನೆಯಿಲ್ಲದವರ ಹೊಸ ಪಟ್ಟಿಗೆ ಮುನಿಸಿಪಾಲಿಟಿಯ ಸಭೆ ಒಂದು ನಿಯಮ ಮಾಡಿತು. ಹುಣಸೆ ತೋಪಿನ ಪಕ್ಕ ಕಟ್ಟಲಿದ್ದ ಸಾಲುಮನೆಗಳಲ್ಲಿ ಜಾಗ ಬೇಕಾದವರ ಹೆಸರು ಬೇರೆ ಮನೆಯ ಪುಟದಲ್ಲಿ ಇರಕೂಡದು. ಇದ್ದರೆ, ಈಕೆ ನಮ್ಮ ಮನೆಯವಳಲ್ಲ ಎಂದು ಆ ಮನೆಯವರೇ ಬರೆದುಕೊಡಬೇಕು. ಸೋಮವಾರ ಪಟ್ಟಿ ಮುಗಿಯುವುದರಲ್ಲಿತ್ತು. ನಾನು ಕಾಗದ ತಂದು ಅಮ್ಮನ ಮುಂದಿಟ್ಟೆ.

“ಅಲ್ಲ ಅಂತ ಬರ್ಕೊಡ್ಬೇಕಾ?” ಅಮ್ಮ ಮೊರದಲ್ಲಿದ್ದ ಅಕ್ಕಿಯನ್ನು ಹಾಗೇ ಬಿಟ್ಟಳು. “ಹನ್ನೆರಡು ವರ್ಷ ನಮ್ಮವಳು ಅಂದ ಬಾಯಲ್ಲಿ ಈಗ ಅಲ್ಲ ಅನ್ಲಾ? ನಿನ್ನ ಆಫೀಸಿಗೆ ಬೇರೆ ಕೆಲಸ ಇಲ್ವೇನೋ?”

“ಅಲ್ಲ ಅಂದ್ರೇನೇ ಅವಳಿಗೆ ಮನೆ ಸಿಗೋದು ಅಮ್ಮ.”

“ಸಿಗ್ದಿದ್ರೆ ಬೇಡ, ಬಿಡು. ಅವಳಿಗೇನು ಇಲ್ಲಿ ಕಮ್ಮಿಯಾಗೈತೆ?”

ಮೂರು ದಿನ ಇದೇ ಆಯಿತು. ಅಮ್ಮ ನನ್ನೊಡನೆ ಮಾತು ಬಿಟ್ಟಳು. ಊಟದ ತಟ್ಟೆ ಮಾತ್ರ ಎಂದಿಗಿಂತ ಸ್ವಲ್ಪ ಜೋರಾಗಿ ಸದ್ದು ಮಾಡುತ್ತಿತ್ತು. ಮಾತಿನ ಮೇಲೆ ಮನೆ ಕಟ್ಟಿಕೊಂಡವರು ನಾವು, ಆ ಮಾತನ್ನೇ ಕಿತ್ತರೆ ಉಳಿಯುವುದೇನು ಎಂದು ನನಗೂ ಒಮ್ಮೊಮ್ಮೆ ಭಯವಾಗುತ್ತಿತ್ತು. ಇತ್ತ ನಂಜಮ್ಮನ ರಾಟೆ ಜಗಲಿಯಲ್ಲಿ ಒಂದೇ ಸಮನೆ ಗುಂಯ್‌ಗುಟ್ಟುತ್ತಿತ್ತು. ಅವಳನ್ನು ಮಾತ್ರ ನಾವಿಬ್ಬರೂ ಕೇಳಿರಲಿಲ್ಲ.

ಭಾನುವಾರ ಹೊತ್ತು ಮುಳುಗುವಾಗ ರಾಟೆ ನಿಂತಿತು. ನಂಜಮ್ಮ ಹೊಸ್ತಿಲಿನವರೆಗೆ ಬಂದು ಬಾಗಿಲವಾಡ ಹಿಡಿದು ನಿಂತಳು.

“ಅವ್ವಾ, ಒಂದ್ಸಲ ಅಲ್ಲ ಅಂದ್ಬಿಡಿ.”

ಅಮ್ಮ ತಲೆಯೆತ್ತಲಿಲ್ಲ. “ನಿಂಗೆ ನಾನು ಏನ್ ಕಮ್ಮಿ ಮಾಡ್ದೆ ನಂಜಿ?”

“ಏನೂ ಕಮ್ಮಿ ಮಾಡಿಲ್ಲ ಕಣವ್ವಾ. ಇಷ್ಟು ವರ್ಸ ನೀವು ನನ್ನ ನಮ್ಮವಳು ಅಂದ್ರಿ. ನಾನೂ ಯಾರನ್ನಾದ್ರೂ ಹಂಗನ್ಬೇಕು ಅಂತ ಆಸೆ. ಅನ್ನಾಕೆ ನಂಗೊಂದು ಬಾಗ್ಲು ಬೇಕಲ್ಲವ್ವಾ?”

ಒಳಗೆ ಒಲೆಯ ಮೇಲಿನ ಸಾರು ಉಕ್ಕಿ ಬೂದಿಗೆ ಬಿತ್ತು, ಅಮ್ಮ ಏಳಲಿಲ್ಲ. ನನ್ನ ಕಡೆ ಕೈ ಚಾಚಿ ಕಾಗದ ಇಸಿದುಕೊಂಡಳು. ‘ನಮ್ಮ ಮನೆಯವಳಲ್ಲ’ ಎಂದು ನಾನು ಬರೆದ ಸಾಲಿನ ಕೆಳಗೆ ಹೆಬ್ಬೆಟ್ಟು ಒತ್ತಿ, ಮಸಿ ಹತ್ತಿದ ಅದೇ ಬೆರಳಿನಿಂದ ಕಣ್ಣೊರೆಸಿಕೊಂಡಳು. ಕೆನ್ನೆಗೆ ಅಂಟಿದ ಆ ಕಪ್ಪು ಎರಡು ದಿನ ಹೋಗಲಿಲ್ಲ. ನಮ್ಮಮ್ಮ ಬರೆದುಕೊಟ್ಟಳೆಂಬ ಸುದ್ದಿ ಹರಡಿದ ಮೇಲೆ ಬೀದಿಯ ಉಳಿದ ಮನೆಯವರೂ ಒಬ್ಬೊಬ್ಬರಾಗಿ, ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿಕೊಂಡು, ಬಂದು ಒತ್ತಿಹೋದರು. ನಮ್ಮ ಊರಿನಲ್ಲಿ ಮನೆಯಿಲ್ಲದವರು ಇದ್ದಾರೆ ಎಂಬುದು ಕಡತಕ್ಕೆ ಮೊದಲ ಸಲ ಗೊತ್ತಾಯಿತು.

ಮನೆಗಳು ಎದ್ದವು. ಒಂದು ಕೋಣೆ, ಒಂದು ಒಲೆಮೂಲೆ, ನಾಡಹೆಂಚಿನ ಸೂರು. ಜಾಗ ಸಾಲದೆಂದು ಗಫಾರ್ ಸಾಹೇಬರು ನಕ್ಷೆಯಲ್ಲಿ ಜಗಲಿಗೆ ಎಡೆ ಕೊಟ್ಟಿರಲಿಲ್ಲ. ಅದಕ್ಕಾಗಿ ನಾನು ಅವರೊಂದಿಗೆ ವಾದ ಮಾಡಿದ್ದೂ ಉಂಟು, ಜಗಲಿಯಿಲ್ಲದ್ದು ಮನೆಯೇ ಅಲ್ಲ ಎಂದು ಹಟ ಹಿಡಿದದ್ದೂ ಉಂಟು. ನಂಜಮ್ಮ ಚಾಪೆ, ರಾಟೆ ಹೊತ್ತುಕೊಂಡು ಹೋದಳು. ಆಮೇಲೆ ಸುಮಾರು ಒಂದು ವರ್ಷಕ್ಕೆ, ಯಾವ ಮನೆಯಲ್ಲಿ ಎಷ್ಟು ಜನರಿದ್ದಾರೆಂದು ಬರೆದುಕೊಳ್ಳಲು ನಾನು ಆ ಸಾಲಿಗೆ ಹೋದೆ. ಜಿಟಿಜಿಟಿ ಮಳೆ. ನಂಜಮ್ಮನ ಮನೆಯೊಳಗೆ, ಒಲೆಯ ಬೆಚ್ಚಗಿನ ಪಕ್ಕದಲ್ಲಿ, ನಾನು ಕಂಡರಿಯದ ಒಬ್ಬ ಮುದುಕಿ ಕಂಬಳಿ ಹೊದ್ದು ಮಲಗಿದ್ದಳು.

“ಇವರ್ಯಾರು ನಂಜಮ್ಮ?”

“ಸಮೇತನಹಳ್ಳಿ ಕಡೆಯೋರು. ಹೋದ ವಾರ ಮಳೇಲಿ ನಿಂತಿದ್ರು.” ಬೆನ್ನು ನೆಟ್ಟಗೆ ಮಾಡಿಕೊಂಡು, ಇಷ್ಟು ವರ್ಷ ಕಾದಿಟ್ಟುಕೊಂಡಿದ್ದ ಮಾತನ್ನು ಅವಳು ಹೇಳಿದಳು: “ನಮ್ಮನೆಯೋರೇ. ಬರ್ಕಳಿ ಸೋಮಿ.”

ಮತ್ತೆ ಅದೇ ತಪ್ಪು ಪಟ್ಟಿಗೆ ಸೇರುತ್ತಿದೆಯೇ ಎಂದು ಪೆನ್ಸಿಲು ಒಂದಿಷ್ಟು ಅನುಮಾನಿಸಿತು. ಮುದುಕಿಯ ಚಾಪೆಯನ್ನು ನೋಡಿದೆ, ಅದು ಎಲ್ಲಿ ಹಾಸಿತ್ತೆಂದು ನೋಡಿದೆ. ‘ಇಬ್ಬರು’ ಎಂದು ಬರೆದೆ. ಅಷ್ಟು ನಿಜವಾದ ಲೆಕ್ಕವನ್ನು ನಾನು ಆ ಕಡತದಲ್ಲಿ ಬೇರೆಲ್ಲೂ ಬರೆದಿಲ್ಲ.

ಸಂಜೆ ಅಮ್ಮನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು, “ಒಳಗಡೆ ಮಲಗಿಸ್ಕೊಂಡಿದ್ಲಾ?” ಹೂಂ ಎಂದೆ. ಅಮ್ಮ ಎದ್ದು ದೀಪ ಹಚ್ಚಲು ಹೋದಳು. ಕಡ್ಡಿ ಗೀರುವುದಕ್ಕೆ ಅವಳಿಗೆ ಬಹಳ ಹೊತ್ತು ಹಿಡಿಯಿತು.

ನಾನು ಜಗಲಿಗೆ ಬಂದೆ. ಹುಟ್ಟಿದಂದಿನಿಂದ ಈ ಮನೆಯಲ್ಲಿದ್ದವನು, ಆ ತಲೆದಿಂಬಿನ ಮೇಲೆ ಒಂದು ದಿನವೂ ತಲೆಯಿಟ್ಟವನಲ್ಲ. ನಮಗೇಕೆ ಅದು, ನಮಗೆ ಒಳಗೆ ಹಾಸಿಗೆಯಿತ್ತು. ಅಂದು ಮೈಚಾಚಿ ಮಲಗಿ, ತಲೆಯನ್ನು ಆ ಗುಳಿಯಲ್ಲಿಟ್ಟೆ. ಮಾಡಿಸಿದ ಹಾಗೆ ಕೂತಿತು. ಮಳೆ ನಿಂತ ಬೀದಿ ಈ ತುದಿಯಿಂದ ಆ ತುದಿಯವರೆಗೆ ಕಾಣುತ್ತದೆ, ಎದುರುಮನೆಯ ದೀಪ ಕಾಣುತ್ತದೆ, ಸೂರಿನ ಅಂಚಿನಾಚೆ ಒಂದೆರಡು ನಕ್ಷತ್ರಗಳೂ ಕಾಣುತ್ತವೆ. ಹನ್ನೆರಡು ವರ್ಷ ನಂಜಮ್ಮ ನೋಡುತ್ತಿದ್ದುದು ಇದನ್ನೆಲ್ಲ. ತಲೆಯ ಹಿಂದಿರುವ ನಮ್ಮ ಮನೆಯ ಬಾಗಿಲು ಮಾತ್ರ ಅಲ್ಲಿಂದ ಕಾಣುವುದಿಲ್ಲ.